ಕಲ್ಲುಕಟ್ಟೆ ಕೆರೆಯ ಹಳದಿ ಕೋಟು

ಶನಿವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಗೇಟು ತೆರೆದು ಒಬ್ಬ ಒಳಗೆ ಬಂದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತು, ಪೀಠಿಕೆಯಿಲ್ಲದೆ ಕೇಳಿದ:

"ಅಮ್ಮಾ, ತೆಪ್ಪದಲ್ಲಿ ಮೀನು ಹಿಡೀವಾಗ ಒಂದಕ್ಕೆ ಹೋದ್ರೆ ಜೈಲಿಗೆ ಹಾಕ್ತಾರಾ?"

ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು. ತುಂಗಾ ಅವರು ಮಾತ್ರ ಇಂಥ ಪ್ರಶ್ನೆ ದಿನಾ ಬರುತ್ತದೆಂಬಂತೆ ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ. ಹೋದೋರು ಯಾರು?"

"ನಾನಲ್ಲಮ್ಮ. ಅದೇ ತೊಂದ್ರೆ ಆಗಿರೋದು."

ಇಲ್ಲಿ ನಮ್ಮಿಬ್ಬರ ವಿಚಾರ ಎರಡು ಮಾತು ಹೇಳಿಬಿಡುತ್ತೇನೆ. ತುಂಗಾ ಅವರು ಮೂವತ್ತನಾಲ್ಕು ವರ್ಷ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಸುಳ್ಳು ಹೇಳುವವರನ್ನು ದಿನವಿಡೀ ಕೇಳಿ ಕೇಳಿ ಅವರ ಕಿವಿ ಪಳಗಿದೆ. ಕಳುವಾದ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಹೆಸರಿಲ್ಲದ ಪತ್ರದವರೆಗೆ, ಈ ಕಡೆಯ ನಾಲ್ಕೈದು ಬಡಾವಣೆಯವರು ಪೊಲೀಸರಿಗಿಂತ ಮೊದಲು ಬರುವುದು ಇವರ ಬಳಿಗೇ. ನಾನು ನಾಣಿ, ಮಹಡಿಯ ಮೇಲಿನ ಬಾಡಿಗೆದಾರ, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನು. ಅವರಿಗೆ ಸ್ಕೂಟರ್ ಓಡಿಸಲು ಬರುವುದಿಲ್ಲ, ನನಗೆ ಅವರಷ್ಟು ತಲೆ ಓಡುವುದಿಲ್ಲ. ಹಾಗಾಗಿ ಹನ್ನೊಂದು ವರ್ಷದಿಂದ ನಮ್ಮ ಸ್ನೇಹ ಚೆನ್ನಾಗಿ ನಡೆದಿದೆ.

ಬಂದವನ ಹೆಸರು ಭೈರೇಶ್. ಬ್ಯಾಡರಹಳ್ಳಿ ಹಳೇ ಊರಿನವನು, ನಲವತ್ತರ ಆಸುಪಾಸು. ಅಲ್ಲಿಂದಾಚೆಯ ಕಲ್ಲುಕಟ್ಟೆ ಕೆರೆಯಲ್ಲಿ ಅವನ ಅಪ್ಪನ ಕಾಲದಿಂದ ಮೀನು ಹಿಡಿಯುತ್ತ ಬಂದಿದ್ದಾರೆ. ಈ ತಿಂಗಳು ಗುತ್ತಿಗೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಕೆರೆ ಸಂಘದ ಒಪ್ಪಿಗೆ ಪತ್ರ ತರಬೇಕೆಂದು ಇಲಾಖೆಯವರು ಹೇಳಿದ್ದರು. ಪತ್ರ ಕೊಡುವ ಸಭೆ ಮಾರನೆಯ ದಿನ ಭಾನುವಾರ ಹತ್ತು ಗಂಟೆಗೆ. ಅದೇ ಕೆರೆಯ ಮೇಲೆ ಕಯಾಕ್ ದೋಣಿ ಬಾಡಿಗೆಗೆ ಬಿಡುವ ಕಂಪನಿಯ ರೇವಂತ್ ಎಂಬವನೂ ಕಣ್ಣಿಟ್ಟಿದ್ದನಂತೆ. ಅಷ್ಟರಲ್ಲಿ ಶುಕ್ರವಾರ ಒಂದು ಫೋಟೋ ಎಲ್ಲರ ಫೋನಿಗೂ ಹರಿದಾಡಿತ್ತು.

ಭೈರೇಶ್ ತೋರಿಸಿದ. ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ, ಹಳದಿ ಮಳೆಕೋಟಿನ ಟೋಪಿ ತಲೆಗೆಳೆದುಕೊಂಡ ಒಬ್ಬ ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಎರಡೂ ಕೈ ಮುಂದಕ್ಕಿವೆ. ಏನು ಮಾಡುತ್ತಿದ್ದಾನೆಂದು ಕೇಳಬೇಕಾಗಿಯೇ ಇರಲಿಲ್ಲ. ಕೆಳಗೆ ಬರಹ: "ನಮ್ಮ ಕೆರೆಯ ಮೀನುಗಾರರ ಸೇವೆ ನೋಡಿ."

"ಕೋಟು ನಂದೇ, ಬೆನ್ನ ಮೇಲೆ ನೀಲಿ ಟೇಪು ನಾನೇ ಅಂಟಿಸಿರೋದು. ತೆಪ್ಪಾನೂ ನಂದೇ. ಒಳಗಿರೋನು ನಾನಲ್ಲಮ್ಮ. ಗುರುವಾರ ಬೆಳಿಗ್ಗೆ ಅಂತೆ. ಅವತ್ತು ಜ್ವರ ಬಂದು ಮನೇಲಿ ಬಿದ್ಕೊಂಡಿದ್ದೆ. ಹೆಂಡ್ತಿ ಸಾಕ್ಷಿ ಹೇಳಿದ್ರೆ ಯಾರು ನಂಬ್ತಾರೆ?"

"ಕೋಟು ಎಲ್ಲಿಡ್ತೀರಿ?"

"ಕೆರೆ ವಾಚ್‌ಮನ್ ಭರಮಪ್ಪನ ಶೆಡ್ಡಲ್ಲಿ, ಮೊಳೆಗೆ. ಹುಟ್ಟು ಹಾಕೋ ಕೋಲೂ ಅಲ್ಲೇ." ಅವನ ದನಿ ಏರಿತು. "ನಾವು ತೆಪ್ಪದೊಳಕ್ಕೆ ಚಪ್ಪಲಿ ಕಾಲೂ ಇಡಲ್ಲಮ್ಮ. ಗಂಗಮ್ಮನ ಮಡಿಲು ಅದು. ನಂಗೆ ಅರ್ಜೆಂಟ್ ಆದ್ರೆ ದಡಕ್ಕೆ ಬಂದು ಚಿಕ್ಕಪ್ಪನ ಮನೆಗೆ ಹೋಗ್ತೀನಿ. ಶುಕ್ರವಾರ ಬಂದು ನೋಡಿದ್ರೆ ತೆಪ್ಪದ ತುಂಬಾ ಶೂ ಗುರುತು, ಕೆಂಪು ಮಣ್ಣು. ಹೊಟ್ಟೆ ಉರೀತು. ತೊಳೆದು ಅರಿಶಿನದ ನೀರು ಹಾಕ್ದೆ."

ಇದ್ದ ಒಂದು ಸಾಕ್ಷಿಯನ್ನೂ ತೊಳೆದು ಅರಿಶಿನ ಹಾಕಿದ್ದ ಪುಣ್ಯಾತ್ಮ! ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ತುಂಗಾ ಅವರು ಮಾತ್ರ ಶಾಂತವಾಗಿ, "ಶೂ ಒಂದೇ ಜೊತೆಯದಾ?" ಎಂದರು.

"ಒಂದೇ. ಬರಿಗಾಲಿನ ಗುರುತೂ ಇತ್ತು. ಅದು ನಂದೇ ಇರ್ಬೇಕು ಬಿಡಿ."

"ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳ್ತೀನಿ," ಎಂದರು ಅವರು. "ಕಾನೂನಿನ ಪ್ರಕಾರ ತಪ್ಪೇ. ರಸ್ತೇಲಿ ಹೋದ್ರೆ ಪಾಲಿಕೆಯವರು ದಂಡ ಹಾಕ್ಬಹುದು. ಸಾರ್ವಜನಿಕ ನೀರು ಕೆಡಿಸಿದ್ರೆ ಅದಕ್ಕೂ ಕೇಸಿದೆ. ತೆಪ್ಪದಲ್ಲಿದ್ದೆ, ಗಾಳ ಹಿಡಿದಿದ್ದೆ ಅಂತ ಯಾರಿಗೂ ವಿನಾಯಿತಿ ಇಲ್ಲ. ಆದ್ರೆ ನಮ್ಮ ಕೋರ್ಟಿಗೆ ಇಂಥವು ಬಂದಾಗ ದಂಡ ಕಟ್ಟಿಸ್ಕೊಂಡು ಬೈದು ಕಳಿಸ್ತಿದ್ರು. ಜೈಲಿಗೆ ಹೋದೋರನ್ನ ನಾನಂತೂ ನೋಡಿಲ್ಲ."

ಭೈರೇಶ್ ಉಸಿರು ಬಿಟ್ಟ. ಆದರೂ ಮುಖ ಸಡಿಲವಾಗಲಿಲ್ಲ. "ಜೈಲಿಲ್ಲ ಅಂದ್ರೂ ಪತ್ರ ಸಿಗಲ್ವಲ್ಲಮ್ಮ. ಪತ್ರ ಇಲ್ದಿದ್ರೆ ಕೆರೆ ಹೋಯ್ತು. ನನ್ನ ಮಗಳು ಸ್ಪಂದನ ಎಂಟನೇ ಕ್ಲಾಸು. 'ನಿಮ್ಮಪ್ಪನ ಫೋಟೋ ನೋಡಿದ್ವಿ' ಅಂದ್ರಂತೆ. ಇವತ್ತು ಸ್ಕೂಲಿಗೆ ಹೋಗಲ್ಲ ಅಂತ ಗೋಡೆ ಕಡೆ ತಿರುಗಿ ಮಲಗವ್ಳೆ."

ತುಂಗಾ ಅವರು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಎಡ ಅಂಚಿಗೆ ಒಯ್ದರು. ಅಲ್ಲಿ ಉದ್ದನೆಯ ಏನೋ ಒಂದರ ತುದಿ ಕಾಣುತ್ತಿತ್ತು. "ನಾಣಿಯವರೇ, ಇದು ಹೆಜ್ಜಾರ್ಲೆಯ ಕೊಕ್ಕು. ಯಾರೋ ಹಕ್ಕಿಯ ಫೋಟೋ ತೆಗೆದಿದ್ದಾರೆ. ಇನ್ಯಾರೋ ಹಕ್ಕೀನ ಬಿಟ್ಟು ಮೂಲೆ ಕತ್ತರಿಸ್ಕೊಂಡಿದ್ದಾರೆ. ಸ್ಕೂಟರ್ ತೆಗೀರಿ."

ಕೆರೆ ತಲುಪುವ ಹೊತ್ತಿಗೆ ನನಗೇ ಅವಸರವಾಗಿತ್ತು. ಅರವತ್ತೊಂಬತ್ತರ ವಯಸ್ಸು, ಎರಡು ಲೋಟ ಕಾಫಿ, ಮಾಗಡಿ ರಸ್ತೆಯ ಹಳ್ಳಗಳು! ದಡದಲ್ಲಿ ಸೊಗಸಾದ ಹೊಸ ಶೌಚಾಲಯ ಕಂಡು ಕೈಮುಗಿಯುವಂತಾಯಿತು. ಹತ್ತಿರ ಹೋದರೆ ಬಾಗಿಲಿಗೆ ಹಿತ್ತಾಳೆ ಬೀಗ, ಗೋಡೆಯ ಕಲ್ಲಿಗೆ ಮಾಸಿದ ರೇಷ್ಮೆ ಬಟ್ಟೆಯ ಮುಸುಕು.

"ಉದ್ಘಾಟನೆ ಆಗಿಲ್ರಿ," ಎಂದ ಭರಮಪ್ಪ. ಹಾವೇರಿ ಕಡೆಯ ಐವತ್ತರ ಮನುಷ್ಯ, ಚಪ್ಪಲಿ ಶೆಡ್ಡಿನ ಹೊರಗಿಟ್ಟು ಬರಿಗಾಲಲ್ಲಿ ನಿಂತಿದ್ದ. "ಎಂಟು ತಿಂಗಳಾತು. ದೊಡ್ಡೋರ ಡೇಟು ಸಿಗವಲ್ದು. ಕೀಲಿ ಕೆರೆ ಸಂಘದ ಅಧ್ಯಕ್ಷರ ಕಡೆ ಐತಿ."

ಪಕ್ಕದಲ್ಲೇ ಫಲಕ: ಇಲ್ಲಿ ಮೂತ್ರ ವಿಸರ್ಜಿಸಿದರೆ ಐನೂರು ರೂಪಾಯಿ ದಂಡ, ಅಪ್ಪಣೆ, ಅಧ್ಯಕ್ಷರು. ಈ ಬುದ್ಧಿವಂತಿಕೆಗೆ ಏನೆನ್ನಬೇಕೋ ತಿಳಿಯದೆ ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತೆ.

"ಗುರುವಾರ ಬೆಳಿಗ್ಗೆ ತೆಪ್ಪ ಯಾರು ತಗೊಂಡಿದ್ರು ಭರಮಪ್ಪ?" ತುಂಗಾ ಅವರು ಕೇಳಿದರು.

"ಯಾರೂ ಇಲ್ರಿ. ನಾ ಚಾ ಕುಡಿಯಾಕ ಹೋಗಿದ್ದೆ." ಅವನು ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಆ ಕಯಾಕ್ ಕಂಪನಿ ರೇವಂತ್ ಬಂದಿದ್ರಾ?"

ಈಗ ಭರಮಪ್ಪ ತಲೆ ಎತ್ತಿದ. "ಅಂವ ಬಂದಿದ್ರ ನಾನ ನಿಮಗ ಓಡಿ ಬಂದು ಹೇಳ್ತಿದ್ದೆ. ಅಂವಗ ಕೆರೀ ಸಿಕ್ರ ತನ್ನ ಸೆಕ್ಯುರಿಟಿ ಹಾಕ್ತಾನಂತ. ನಾ ಊರ ಹಾದಿ ಹಿಡೀಬೇಕು."

ಅಲ್ಲಿಂದ ನಾನು ಸ್ಕೂಟರ್ ಓಡಿಸಿದ ವೇಗವನ್ನು ತುಂಗಾ ಅವರು ಇನ್ನೂ ಆಡಿಕೊಳ್ಳುತ್ತಾರೆ. ಮಾಗಡಿ ರಸ್ತೆಯ ಒಂದು ದರ್ಶಿನಿಯವರು ಪುಣ್ಯ ಕಟ್ಟಿಕೊಂಡರು.

ಹಕ್ಕಿಯ ಫೋಟೋ ತೆಗೆದವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೆರೆಯಲ್ಲಿ ಹೆಜ್ಜಾರ್ಲೆ ಬೆನ್ನು ಹತ್ತಿದವಳು ಒಬ್ಬಳೇ, ಮಾರೇನಹಳ್ಳಿಯ ತನ್ಮಯಿ, ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ವಿಷಯ ಕೇಳಿ ಅವಳ ಮುಖ ಸಪ್ಪಗಾಯಿತು.

"ಆಂಟಿ, ನಾನು ಗುರುವಾರ ರಾತ್ರಿ ಕೆರೆ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಪೆಲಿಕನ್ ಫೋಟೋ ಅಷ್ಟೇ. ಮೂಲೇಲಿ ಯಾರೋ ಇದಾರೆ ಅಂತ ನೋಡ್ಲೇ ಇಲ್ಲ. ರೇವಂತ್ ಅದನ್ನ ಕ್ರಾಪ್ ಮಾಡಿ ಹಾಕಿದ್ದು."

ಲ್ಯಾಪ್‌ಟಾಪಿನಲ್ಲಿ ಪೂರ್ತಿ ಚಿತ್ರ ತೆರೆದಳು. ಗುರುವಾರ ಬೆಳಿಗ್ಗೆ ಆರೂ ನಲವತ್ತು, ಜಿಟಿಜಿಟಿ ಮಳೆ. ಕತ್ತರಿಸಿದ ಫೋಟೋದಲ್ಲಿ ಕಾಣದ ತೆಪ್ಪದ ಅರ್ಧ ಇಲ್ಲಿತ್ತು. ತೆಪ್ಪದ ಇನ್ನೊಂದು ಬದಿಯಲ್ಲಿ, ಹಕ್ಕಿಯ ಮೈ ಹಿಂದಿನಿಂದ, ಹುಟ್ಟಿನ ಕೋಲು ಓರೆಯಾಗಿ ನೀರಿಗಿಳಿದಿತ್ತು. ತೆಪ್ಪ ಮೇಜಿನ ಮೇಲಿಟ್ಟ ತಟ್ಟೆಯಷ್ಟು ಸಮನಾಗಿತ್ತು. ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ತುಂಗಾ ಅವರು ಮಾತ್ರ ಎರಡು ನಿಮಿಷ ರೆಪ್ಪೆ ಬಡಿಯದೆ ನೋಡಿದರು.

"ಆ ವಾರ ಗ್ರೂಪಲ್ಲಿ ಬಂದಿದ್ದೆಲ್ಲ ಓದಮ್ಮ."

ತನ್ಮಯಿ ಓದಿದಳು. ಬುಧವಾರ ಯೋಗ ಶಿಬಿರದ ಸಮಯ. ಗುರುವಾರ ಸಂಜೆ ಅಧ್ಯಕ್ಷ ಶ್ರೀಶೈಲ ಅವರ ಹೂಳಿನ ವರದಿ: ಇಂದಿನ ಅಳತೆಯಂತೆ ತೂಬಿನ ಬಳಿ ಹದಿನಾಲ್ಕು ಅಡಿ, ಕೆರೆಯ ನಡುವೆ ಹನ್ನೊಂದು. ರಾತ್ರಿ ಹಕ್ಕಿ. ಶುಕ್ರವಾರ ರೇವಂತನ ಫೋಟೋ, ಅದರ ಕೆಳಗೆ ಅರವತ್ತು ಜನರ ಛೀಮಾರಿ.

ಮಧ್ಯಾಹ್ನ ಬಸವೇಶ್ವರನಗರದಲ್ಲಿ ಶ್ರೀಶೈಲ ಅವರ ಮನೆಗೆ ಹೋದೆವು. ನಿವೃತ್ತ ಎಂಜಿನಿಯರು, ನೆಟ್ಟಗೆ ಕೂರುವ ಮನುಷ್ಯ. ಆ ಕೆರೆಯಲ್ಲಿ ಇಂದು ನೀರು ನಿಂತಿದ್ದರೆ ಅದು ಅವರು ಆರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದುದರಿಂದ. ಎದುರಿಗೆ ರೇವಂತ್ ಕೂತಿದ್ದ. ಮೂವತ್ತರ ಚುರುಕು ಹುಡುಗ, ತೊಡೆಯ ಮೇಲೆ ಬಣ್ಣದ ದೋಣಿಗಳ ಪುಸ್ತಿಕೆ.

"ಆಂಟಿ, ಕ್ಲಿಯರ್ ಕೇಸ್ ಇದು," ಎಂದ. "ಅವನ ತೆಪ್ಪ, ಅವನ ಕೋಟು. ನಾನು ಇರೋದನ್ನ ಇದ್ದ ಹಾಗೆ ಹಾಕಿದೀನಿ. ಯಾಕೆ ಹಾಕ್ಬಾರ್ದು?"

ಶ್ರೀಶೈಲ ಅವರು "ಕ್ಷಮಿಸಿ, ಬಂದೆ" ಎಂದು ಎದ್ದು ಒಳಗೆ ಹೋದರು. ಬಂದು ಕೂತು ಕಾಲು ಗಂಟೆಯಾಗಿರಲಿಲ್ಲ, ಮತ್ತೆ ಎದ್ದರು. ಮಜ್ಜಿಗೆ ತಂದ ಅವರ ಹೆಂಡತಿ ಶುಭಾ, "ಬೇಜಾರು ಮಾಡ್ಕೋಬೇಡಿ. ಬಿ.ಪಿ.ಗೆ ಹೊಸ ಮಾತ್ರೆ ಕೊಟ್ಟಿದಾರೆ, ನೀರು ಹೋಗೋದು. ಬೆಳಿಗ್ಗೆ ತಗೊಂಡ್ರೆ ಸಂಜೆಯವರೆಗೂ ಹೀಗೇ," ಎಂದರು. ಸಮಾನದುಃಖಿಯಾಗಿ ನಾನು ತಲೆದೂಗಿದೆ.

ಹೊರಟಾಗ ಶ್ರೀಶೈಲ ಅವರು ಗೇಟಿನವರೆಗೆ ಬಂದರು. ಮೆಟ್ಟಿಲ ಮೇಲೆ ವಾಕಿಂಗ್ ಶೂ ತೊಳೆದು ಬಿಸಿಲಿಗಿಟ್ಟಿತ್ತು. "ತುಂಗಾ ಅವರೇ," ಎಂದು ಏನೋ ಹೇಳಲು ಹೋದವರು, "ನಾಳೆ ಬನ್ನಿ," ಎಂದಷ್ಟೇ ಹೇಳಿ ನಿಂತರು.

ಭಾನುವಾರ ಕೆರೆಯ ದಡದ ಮಂಟಪದಲ್ಲಿ ಮೂವತ್ತು ಜನ ಸೇರಿದ್ದರು. ಭೈರೇಶ್ ಕಂಬಕ್ಕೊರಗಿ ದೂರ ನಿಂತಿದ್ದ. ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ನನಗೆ ಮೈ ಉರಿಯಿತು, ಹೋಗಿ ಅವನ ಪಕ್ಕದಲ್ಲಿ ನಿಂತೆ. ರೇವಂತ್ ಎದ್ದು, ಇದು ಅಪರಾಧ, ಅಪರಾಧಿಗೆ ಪತ್ರ ಕೊಡುವುದು ಹೇಗೆ ಎಂದು ಚೆನ್ನಾಗಿಯೇ ಮಾತಾಡಿದ. ಆಮೇಲೆ ತುಂಗಾ ಅವರು ಎದ್ದರು.

"ರೇವಂತ್ ಹೇಳಿದ್ದು ನಿಜ. ಇದು ತಪ್ಪು. ತಪ್ಪು ಮಾಡಿದೋರು ಯಾರು ಅಂತ ಮಾತ್ರ ಅವರಿಗೆ ಗೊತ್ತಿಲ್ಲ." ತನ್ಮಯಿ ಪೂರ್ತಿ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಲ್ಯಾಪ್‌ಟಾಪ್ ತಿರುಗಿಸಿದಳು. "ಈ ಮನುಷ್ಯನ ಎರಡೂ ಕೈ ಎಲ್ಲಿವೆ?"

ಯಾರೋ ಮುಸಿಮುಸಿ ನಕ್ಕರು.

"ಮುಂದೆ ಇವೆ ಅಲ್ವಾ? ಹಾಗಾದ್ರೆ ಹುಟ್ಟನ್ನ ಯಾರು ಹಿಡ್ಕೊಂಡಿದ್ದಾರೆ?"

ಭೈರೇಶ್ ಕಂಬ ಬಿಟ್ಟು ಮುಂದೆ ಬಂದ. ಎರಡು ದಿನದಿಂದ ಅವನು ನೋಡಿದ್ದು ಕತ್ತರಿಸಿದ ಫೋಟೋ ಮಾತ್ರ.

"ಕೈ ಬಿಟ್ರೆ ಹುಟ್ಟು ತೇಲ್ಕೊಂಡು ಹೋಗುತ್ತೆ," ಎಂದ. "ಇಬ್ಬರಿದ್ದಾರೆ ಅಮ್ಮಾ! ತೆಪ್ಪದ ಅಂಚಲ್ಲಿ ಒಬ್ಬನೇ ನಿಂತ್ರೆ ಮಗುಚ್ಕೊಳ್ಳುತ್ತೆ. ಆಚೆ ಕಡೆ ಯಾರೋ ಭಾರಕ್ಕೆ ಕೂತವ್ರೆ."

"ಕೂತೋರು ಹಕ್ಕಿಯ ಮರೇಲಿದ್ದಾರೆ, ಕಾಣಲ್ಲ. ತೆಪ್ಪದಲ್ಲಿ ಒಂದು ಜೊತೆ ಶೂ, ಒಂದು ಜೊತೆ ಬರಿಗಾಲು ಇದ್ದಿದ್ದು ಅದಕ್ಕೇ. ಬರಿಗಾಲು ಭೈರೇಶ್‌ದು ಅಂತ ಅವರೇ ಅಂದ್ಕೊಂಡ್ರು. ಆದ್ರೆ ಅವತ್ತು ಅವರಿಗೆ ಜ್ವರ. ತೆಪ್ಪಕ್ಕೆ ಚಪ್ಪಲಿ ಹಾಕ್ಕೊಂಡು ಹತ್ತಬಾರ್ದು ಅಂತ ಗೊತ್ತಿರೋರು, ಹುಟ್ಟು ಹಾಕೋಕೆ ಬರೋರು, ಕೋಟಿರೋ ಶೆಡ್ಡಿನ ಕೀಲಿ ಇರೋರು ಇಲ್ಲಿ ಇನ್ನೊಬ್ಬರೇ." ಅವರು ಭರಮಪ್ಪನ ಕಡೆ ತಿರುಗಲಿಲ್ಲ. ಭರಮಪ್ಪ ತಾನಾಗಿಯೇ ತಲೆ ತಗ್ಗಿಸಿದ. "ಅವರ ಮೇಲೆ ನಂಗೆ ಸಿಟ್ಟಿಲ್ಲ. ಕೆಲಸ ಹೋಗೋ ಭಯ ಇದ್ದೋರು ಬಾಯಿ ಮುಚ್ಕೋತಾರೆ. ಪ್ರಶ್ನೆ ಏನಪ್ಪಾ ಅಂದ್ರೆ, ಯಾರಿಗೋಸ್ಕರ ಮುಚ್ಕೊಂಡ್ರು?"

"ನನ್ನ ಕಡೆ ಯಾಕೆ ನೋಡ್ತಿದೀರಾ?" ರೇವಂತ್ ತಡವರಿಸಿದ.

"ನೀವಲ್ಲಪ್ಪ. ತನ್ನದೇ ಫೋಟೋನ ಕತ್ತರಿಸಿ ಊರಿಗೆಲ್ಲ ಹಂಚೋ ಕಳ್ಳನ್ನ ನಾನು ಕೋರ್ಟಲ್ಲೂ ನೋಡಿಲ್ಲ. ನಿಮಗೋಸ್ಕರ ಭರಮಪ್ಪ ಸುಳ್ಳು ಹೇಳೋದೂ ಇಲ್ಲ. ನೀವು ವಿಚಾರಿಸದೆ ಒಬ್ಬರ ಮರ್ಯಾದೆ ತೆಗೆದ್ರಿ, ಅದು ಬೇರೆ ತಪ್ಪು."

ಅವರು ನೀರು ಕುಡಿದರು. ಕೋರ್ಟಿನ ಅಭ್ಯಾಸವೋ ಏನೋ, ಅವಸರವೇ ಇಲ್ಲ.

"ಅದೇ ಗುರುವಾರ ಕೆರೆಯ ನಡುಮಧ್ಯದ ಆಳ ಹನ್ನೊಂದು ಅಡಿ ಅಂತ ಒಬ್ಬರು ಅಳೆದು ಬಂದಿದ್ದಾರೆ. ದಡದಲ್ಲಿ ನಿಂತು ನಡುಮಧ್ಯ ಅಳೆಯೋಕಾಗಲ್ಲ. ಈ ಕೆರೇಲಿರೋದು ಒಂದೇ ತೆಪ್ಪ. ಮಳೆ ಬರ್ತಿತ್ತು, ಮೊಳೇಲಿದ್ದ ಕೋಟು ಹಾಕ್ಕೊಂಡ್ರು. ದೇಹಕ್ಕೆ ಯಾವಾಗ ಅವಸರ ಆಗುತ್ತೆ ಅಂತ ಹೇಳೋಕಾಗದ ಮಾತ್ರೆ ತಗೋತಾರೆ. ದಡಕ್ಕೆ ಬಂದ್ರೂ ಹೋಗೋಕೆ ಜಾಗ ಇಲ್ಲ, ಬೀಗ ಹಾಕಿದೆ. ಆ ಮನುಷ್ಯರು ಕೆಟ್ಟೋರಲ್ಲ. ಈ ಕೆರೆ ಉಳಿದಿರೋದೇ ಅವರಿಂದ. ಹೆಸರು ನಾನು ಹೇಳಲ್ಲ. ಅವರೇ ಹೇಳ್ತಾರೆ ಅಂತ ನಂಗೆ ನಂಬಿಕೆ ಇದೆ."

ಗಾಳಿಗೆ ಶೌಚಾಲಯದ ಕಲ್ಲಿನ ಮುಸುಕು ಪಟಪಟ ಬಡಿಯಿತು. ಶ್ರೀಶೈಲ ಅವರು ಮೇಜಿನ ಮೇಲೆ ಕೈಯೂರಿ ಎದ್ದರು.

"ಅದು ನಾನು. ಭರಮಪ್ಪಂಗೆ ಸುಮ್ನಿರು ಅಂದಿದ್ದೂ ನಾನೇ. ಫೋಟೋ ನೋಡೋ ಹೊತ್ತಿಗೆ ಆಗ್ಲೇ ಅರವತ್ತು ಜನ ಭೈರೇಶ್ ಅಂತ ಬೈದಿದ್ರು. ನಾನೇ ಬರೆಸಿದ ಬೋರ್ಡು, ನಾನೇ ಹಾಕಿದ ಬೀಗ, ಅವತ್ತು ಕೀಲಿ ಮನೇಲಿತ್ತು. ಬಾಯಿ ಬರ್ಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ." ಭೈರೇಶನ ಕಡೆ ತಿರುಗಿ ಕೈಮುಗಿದರು. "ತಪ್ಪಾಯ್ತಪ್ಪ. ದಂಡ ನಾನು ಕಟ್ತೀನಿ. ನಿನ್ನ ಪತ್ರ ಇಲ್ಲಿದೆ, ಶುಕ್ರವಾರವೇ ಸೈನ್ ಮಾಡಿ ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ."

ಭೈರೇಶ್ ಪತ್ರ ತೆಗೆದುಕೊಂಡ. ನೋಡಿದ. ನಾನೇ ಅದನ್ನು ಮಡಚಿ ಅವನ ಜೇಬಿಗಿಟ್ಟೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ರೇವಂತ್ ಬಂದು, "ಸಾರಿ ಅಣ್ಣ, ದುಡುಕ್ಬಿಟ್ಟೆ," ಎಂದ. ಕಾಟಾಚಾರಕ್ಕೆ ಹೇಳಿದಂತೆ ಕಾಣಲಿಲ್ಲ.

"ಇನ್ನು ಬೀಗ," ಎಂದರು ತುಂಗಾ ಅವರು.

ಶ್ರೀಶೈಲ ಅವರು ಜೇಬಿನಿಂದ ಕೀಲಿ ತೆಗೆದು ಭರಮಪ್ಪನಿಗೆ ಕೊಟ್ಟರು. "ಯಾವ ದೊಡ್ಡೋರೂ ಬೇಡ, ತೆಗಿ." ಆ ಬೆಳಿಗ್ಗೆಯೂ ಎರಡು ಲೋಟ ಕಾಫಿ ಕುಡಿದಿದ್ದ ನಾನು ಎಲ್ಲರನ್ನೂ ಸರಿಸಿಕೊಂಡು ಮುಂದೆ ಓಡಿದೆ. ಕಲ್ಲುಕಟ್ಟೆ ಕೆರೆಯ ಸಾರ್ವಜನಿಕ ಶೌಚಾಲಯವನ್ನು ಉದ್ಘಾಟಿಸಿದವನು ಈ ನಾಣಿ. ಹೊರಗೆ ಚಪ್ಪಾಳೆ ಕೇಳಿಸಿತು.

ನಾನು ಹಗುರವಾಗಿ ಮರಳಿ ಬಂದಾಗ ಶ್ರೀಶೈಲ ಅವರು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಮುಗಿಸಿ, ಕನ್ನಡಕ ಸರಿಮಾಡಿಕೊಂಡು, ಕಳಿಸಿದರು. ಮಂಟಪದ ಮೂವತ್ತು ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಭೈರೇಶನದು ಮಾಡಲಿಲ್ಲ. ಶುಕ್ರವಾರವೇ ಅವನನ್ನು ಗುಂಪಿನಿಂದ ತೆಗೆದುಹಾಕಿದ್ದರಂತೆ. ತನ್ಮಯಿ ತನ್ನ ಫೋನನ್ನು ಅವನ ಮುಂದೆ ಹಿಡಿದಳು. "ಫೋಟೋದಲ್ಲಿರುವವನು ನಾನು, ಶ್ರೀಶೈಲ. ಭೈರೇಶ್ ನಿರಪರಾಧಿ. ದಯವಿಟ್ಟು ಇದನ್ನು ನಿಮ್ಮ ಮಕ್ಕಳಿಗೂ ಹೇಳಿ."

"ಇದನ್ನ ನನ್ನ ಹೆಂಡ್ತಿ ನಂಬರಿಗೆ ಕಳಿಸಮ್ಮ," ಎಂದ ಭೈರೇಶ್. "ಮಗಳಿಗೆ ಓದಿ ಹೇಳ್ಲಿ."

ಐದು ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಹುಡುಗಿಯ ದನಿ ನಮಗೂ ಕೇಳುವಷ್ಟು ಜೋರಾಗಿತ್ತು: "ಅಪ್ಪಾ, ನೀನಲ್ಲ ಅಂತೆ! ನಾನು ಹೇಳ್ಲಿಲ್ವಾ ಅಮ್ಮಂಗೆ!"

ಭೈರೇಶ್ ಮುಖ ಒರೆಸಿಕೊಂಡು, ಒಂಟಿಯಾಗಿ ನಿಂತಿದ್ದ ಶ್ರೀಶೈಲ ಅವರ ಹತ್ತಿರ ಹೋದ.

"ಸಾರ್, ಇನ್ಮೇಲೆ ಆಳ ಅಳೀಬೇಕಂದ್ರೆ ನನ್ನ ಕರೀರಿ. ಅರ್ಜೆಂಟ್ ಅಂದ ತಕ್ಷಣ ದಡಕ್ಕೆ ತಂದು ಬಿಡ್ತೀನಿ. ದಿನಕ್ಕೆ ಹತ್ತು ಸಲ ಅಂದ್ರೂ ತರ್ತೀನಿ."

ಶ್ರೀಶೈಲ ಅವರು ಅವನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ.